ಮಗಳ ನಾಮಪತ್ರ, ಅಪ್ಪನ ಮಾತು

"ಅಂಕಲ್, ನಾವೇನು ಜಗಳಕ್ಕೆ ಬಂದಿಲ್ಲ. ನಾಮಪತ್ರ ವಾಪಸ್ ತಗೋ ಅಂತ ನಿಮ್ಮ ಮಗಳಿಗೆ ಒಂದು ಮಾತು ಹೇಳಿ. ನಮ್ಮ ಕಾಲೇಜಲ್ಲಿ ವೋಟು ಗೀಟು ಇಲ್ಲ, ಎಲ್ಲಾ ಒಮ್ಮತ!"

ಹೀಗೆಂದವನು ಕಾಲೇಜಿನ ಹಿರಿಯ ವಿದ್ಯಾರ್ಥಿ. ಎಲ್ಲರ ಬಾಯಲ್ಲಿ 'ಲೀಡರ್'. ಟೈಲರ್ ಅಂಗಡಿಯ ಮೇಜಿನ ಮೇಲೆ ಕಪ್ಪು ಬಟ್ಟೆ ಹರವಿದ್ದ. ಕೋಟು ಹೊಲಿಯಬೇಕಂತೆ. ಜೇಬಿನ ಮೇಲೆ ದಾರದಲ್ಲಿ 'ಅಧ್ಯಕ್ಷ' ಎಂದು ಬರೆಯಬೇಕಂತೆ. ವಿದ್ಯಾರ್ಥಿ ಸಂಘದ ಚುನಾವಣೆ ಇನ್ನೂ ನಡೆದೇ ಇರಲಿಲ್ಲ!

ಟೈಲರಿಗೆ ಗಲಾಟೆ ಎಂದರೆ ಆಗದು. "ಆಯ್ತಪ್ಪ, ಹೇಳ್ತೀನಿ. ನನ್ನ ಮಾತು ಅಂದ್ರೆ ಮಾತು" ಎಂದುಬಿಟ್ಟ.

ಲೀಡರ್ ಬೈಕ್ ಹತ್ತುವುದಕ್ಕೂ ಟೈಲರನ ತಂಗಿ ಅಂಗಡಿಯೊಳಗೆ ಕಾಲಿಡುವುದಕ್ಕೂ ಸರಿಹೋಯಿತು. ಅದೇ ಕಾಲೇಜಿನಲ್ಲಿ ಓದಿ ತರಗತಿಯ ಪ್ರತಿನಿಧಿಯಾಗಿದ್ದವಳು, ಈಗ ಶಾಲೆಯಲ್ಲಿ ಆಟದ ಟೀಚರ್. ಸೀಟಿ ಇಲ್ಲದೆಯೂ ಮೈದಾನದ ಆಚೆಗೆ ಕೇಳುವ ಗಂಟಲು.

"ಅಣ್ಣಾ, ಎಲ್ಲಾ ಕೇಳಿಸ್ತು. ನಾಮಪತ್ರ ಯಾರದು?"

"ನನ್ನ ಮಗಳದು. ಅಂದ್ರೆ ನಂದೇ ಆಯ್ತಲ್ಲ."

"ಹಾಗಾದ್ರೆ ಅವಳ ಪರೀಕ್ಷೆನೂ ನೀನೇ ಬರಿ! ವಾಪಸ್ ತಗೋಬೇಕಾದ್ರೆ ಅವಳೇ ಹೋಗಿ, ಚುನಾವಣೆ ನಡೆಸೋ ಮೇಷ್ಟ್ರ ಎದುರು ಸಹಿ ಹಾಕ್ಬೇಕು. ಅಪ್ಪ ಕೊಟ್ಟ ಮಾತು ಅಲ್ಲಿ ನಡೆಯಲ್ಲ."

"ಎಲ್ಲರೂ ಸೇರಿ ಒಬ್ಬನನ್ನ ಒಪ್ಪಿಕೊಂಡ್ರೆ ನಿನಗೇನೇ ಹೊಟ್ಟೆ ಉರಿ?"

"ಒಪ್ಪಿಕೊಂಡವರು ಯಾರು? ಇವಳನ್ನ ಕೇಳಿದ್ರಾ? ನಿಂತವರನ್ನೆಲ್ಲ ಹೆದರಿಸಿ ಕೂರಿಸೋದು, ಉಳಿದ ಒಬ್ಬನಿಗೆ ಅವಿರೋಧ ಆಯ್ಕೆ ಅಂತ ಹಾರ ಹಾಕೋದು. ಅದಕ್ಕೆ ಒಮ್ಮತ ಅಂತ ಹೆಸರು. ಥೂ!"

ಒಳಗೆ ಗುಂಡಿ ಹೊಲಿಯುತ್ತಿದ್ದ ಮಗಳು ಎದ್ದು ಬಂದಳು.

"ನಾನು ಯಾಕೆ ನಿಂತೆ ಅಂತ ನೀನು ಕೇಳಲೇ ಇಲ್ಲ ಅಪ್ಪಾ."

"ಹೆಸರು ಮಾಡೋಕೆ ಇರ್ಬೇಕು, ಇನ್ನೇನು?"

"ನಮ್ಮ ಲ್ಯಾಬ್ ಕಟ್ಟಡದಲ್ಲಿ ಹುಡುಗಿಯರಿಗೆ ಇರೋದು ಒಂದೇ ಶೌಚಾಲಯ. ಸಂಘದವರು ಅದರಲ್ಲಿ ಬ್ಯಾನರು, ಸ್ಪೀಕರು ತುಂಬಿಸಿ ಬೀಗ ಜಡಿದಿದ್ದಾರೆ. ಕೇಳಿದ್ರೆ 'ಮನೇಲೇ ಮುಗಿಸ್ಕೊಂಡು ಬರ್ರಮ್ಮಾ' ಅಂತ ಆ ಲೀಡರ್ ಹಲ್ಲು ಕಿರೀತಾನೆ. ಪ್ರಿನ್ಸಿಪಾಲರ ಹತ್ರ ಹೋದ್ರೆ 'ಸಂಘದ ಮೂಲಕ ಬನ್ನಿ' ಅಂತಾರೆ. ಅದಕ್ಕೇ ಮನೆ ಬಿಟ್ಟ ಮೇಲೆ ಸಂಜೆವರೆಗೂ ನಾವು ಯಾರೂ ನೀರು ಕುಡಿಯಲ್ಲ."

ಟೈಲರನ ಕತ್ತರಿ ಅರ್ಧಕ್ಕೆ ನಿಂತಿತು. ಹೋದ ತಿಂಗಳು ಮಗಳು ಚಳಿಜ್ವರದಲ್ಲಿ ನಡುಗುತ್ತಾ ಮಲಗಿದ್ದಳು. ಮೂತ್ರದ ಸೋಂಕು, ನೀರು ಚೆನ್ನಾಗಿ ಕುಡಿಯಬೇಕು ಎಂದಿದ್ದರು ಡಾಕ್ಟರು. ಬಾಟಲಿ ತುಂಬಿದ ಹಾಗೇ ಮನೆಗೆ ಬಂದಾಗಲೆಲ್ಲ ಅವನೇ ಬೈದಿದ್ದ: ಸೋಮಾರಿ, ನೀರು ಕುಡಿಸೋಕೂ ಆಳು ಇಡ್ಬೇಕಾ ನಿನಗೆ, ಎಂದು.

"ನನಗೆ ಯಾಕೆ ಹೇಳ್ಲಿಲ್ಲ ಮಗಳೇ?"

"ಗಿರಾಕಿಗಳ ಮುಂದೆ ಹೇಳೋ ಮಾತಾ ಅದು?"

ಟೈಲರ್ ದಡಕ್ಕನೆ ಎದ್ದ. "ಎಲ್ಲಿ ಆ ಕತ್ತೆ? ಕೋಟು ಬೇಕಂತೆ ಕೋಟು! ಚರ್ಮ ಸುಲಿದು ಹೊಲಿದುಕೊಡ್ತೀನಿ!"

"ಕೂತ್ಕೋ ಅಣ್ಣಾ. ನೀನು ಕೈ ಎತ್ತಿದ್ರೆ ಅವನಿಗೇ ಲಾಭ. ಇವಳ ಕೈಯಲ್ಲಿ ವೋಟು ಇದೆ. ಮೊದಲು ಒಂದೊಂದು ತರಗತಿಯವರು ಒಬ್ಬೊಬ್ಬ ಪ್ರತಿನಿಧಿಯನ್ನ ಆರಿಸ್ತಾರೆ. ಇವಳು ನಿಂತಿರೋದು ಅದಕ್ಕೇ. ಆ ಪ್ರತಿನಿಧಿಗಳು ಸೇರಿ ಅಧ್ಯಕ್ಷನನ್ನ ಆರಿಸ್ತಾರೆ. ಇವಳಂಥವರು ನಾಲ್ಕು ಜನ ಒಳಗೆ ಹೋದ್ರೆ ಅವನ ಆಟ ಬಂದ್."

"ಹುಡುಗಿಯರು ವೋಟು ಹಾಕ್ತಾರಾ?" ಟೈಲರ್ ಕೇಳಿದ.

"ಬಂದ್ರೆ ತಾನೆ! ವೋಟಿನ ದಿನ ಪಾಠ ಇಲ್ಲ ಅಂತ ಮನೇಲಿ ಮುಸುಕು ಹೊದ್ದು ಮಲಗ್ತಾರೆ. ನಮ್ಮ ಕಾಲದಲ್ಲೂ ಇದೇ ಹಾಳು ಚಾಳಿ."

"ಯಾರಿಗೆ ಹಾಕಿದ್ರು ಅಂತ ಅವನಿಗೆ ಗೊತ್ತಾಗ್ಬಿಟ್ರೆ?"

"ಹೇಗೆ ಗೊತ್ತಾಗುತ್ತೆ? ಮರೆಯಲ್ಲಿ ಗುರುತು ಹಾಕಿ, ಮಡಚಿ, ಪೆಟ್ಟಿಗೆಗೆ ಬಿಡೋದು. ಚೀಟಿ ಮೇಲೆ ಹಾಕಿದವರ ಹೆಸರೇ ಇರಲ್ಲ. ಹೆದರಿಸೋಕೆ ಬಂದ್ರೆ ಆ ಚುನಾವಣೆ ಮೇಷ್ಟ್ರಿಗೆ ದೂರು ಬರೆದು ಕೊಡೋದು. ಇವತ್ತಿನದನ್ನ ನಾನೇ ಬರೆಸ್ತೀನಿ, ಸಾಕ್ಷಿಗೆ ನಾನಿದ್ದೀನಿ."

ಸಂಜೆ ಲೀಡರ್ ಮತ್ತೆ ಬಂದ. "ಏನ್ ಅಂಕಲ್, ಅವಳು ಸಹಿ ಹಾಕೋಕೆ ಬರಲೇ ಇಲ್ಲ? ಮಾತು ಕೊಟ್ಟಿದ್ರಿ!"

"ನಂದಲ್ಲದ್ದನ್ನ ಕೊಟ್ಟಿದ್ದೆ. ವಾಪಸ್ ತಗೊಂಡಿದ್ದೀನಿ." ಟೈಲರ್ ಕಪ್ಪು ಬಟ್ಟೆಯನ್ನು ಮಡಚಿ ಅವನ ಎದೆಗೆ ಒತ್ತಿದ. "ಇದನ್ನೂ ತಗೊಂಡು ನಡಿ. ಯಾರೂ ಆರಿಸದ ಅಧ್ಯಕ್ಷನಿಗೆ ನಾನು ಅಳತೆ ತಗೊಳ್ಳಲ್ಲ."

ಓದುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಕಾಲೇಜಿನಲ್ಲೂ ಇಂಥ ಬೀಗ ಇದೆಯೇ? ಸುಮ್ಮನೆ ಹಲ್ಲು ಕಚ್ಚಿಕೊಂಡು ಕೂರಬೇಡಿ. ಒಂದೊಂದು ಕಾಲೇಜಿಗೆ ಒಂದೊಂದು ನಿಯಮ. ನಿಮ್ಮದೇನು ಎಂದು ಕೇಳಿ ಓದಿಕೊಳ್ಳಿ. ಧೈರ್ಯ ಇದ್ದವರು ನಿಲ್ಲಿ, ನಿಂತವರ ಬೆನ್ನಿಗೆ ಉಳಿದವರು ನಿಲ್ಲಿ. ವೋಟಿನ ದಿನ ರಜೆಯಲ್ಲ, ಗುರುತಿನ ಚೀಟಿ ಹಿಡಿದು ಬನ್ನಿ. ಅಪ್ಪ ಅಮ್ಮಂದಿರೇ, ಮಕ್ಕಳ ಪರವಾಗಿ ಮಾತು ಕೊಡುವ ಮೊದಲು ಮಕ್ಕಳನ್ನು ಒಂದು ಮಾತು ಕೇಳಿ.

ಆ ಕಾಲೇಜಿನಲ್ಲಿ ಮತದಾನದ ಬೆಳಿಗ್ಗೆ ಹುಡುಗಿಯರ ಸಾಲು ವರಾಂಡ ದಾಟಿ ಮೆಟ್ಟಿಲವರೆಗೆ ಬೆಳೆದಿತ್ತು. ಬಾಗಿಲು ತೆರೆದ ಮೇಷ್ಟ್ರು ಸಾಲನ್ನು ಒಮ್ಮೆ ನೋಡಿದರು. ಒಳಗೆ ಹೋಗಿ ಇನ್ನೊಂದು ಮೇಜನ್ನು ಎಳೆದು ತಂದರು.