ಬಿಳಿ ಕೋನಿನ ಜೋಡಿ

ಧರ್ಮರಾಜ ಆ ದಿನ ಬರೀ ಬೈದಿದ್ದರೆ ಬಸವಪ್ರಭು ಮರೆತುಬಿಡುತ್ತಿದ್ದ. ಬೈಗುಳ ಅವನಿಗೆ ಹೊಸದಲ್ಲ. ತಾನೂ ಬಾಯಿ ಬಿಗಿಹಿಡಿದು ಬದುಕಿದವನಲ್ಲ. ಆದರೆ ಧರ್ಮರಾಜ ಬೈಯಲಿಲ್ಲ. ಸ್ಪೀಕರಿಗೆ ಅಂಟಿಸಿದ್ದ ಟಿಶ್ಯೂ ಪೇಪರನ್ನು ಕಿತ್ತು, ಎಲ್ಲರೆದುರು ಅವನ ಕೈಗೆ ಕೊಟ್ಟು, "ತಗೋ, ಕಿವಿ ಒರಸ್ಕೊ" ಅಂದ.

ಅದು ತೊಂಬತ್ತಾರನೆಯ ಇಸವಿ. ಪುಣೆಯ ಹಡಪಸರದಲ್ಲಿ ಒಂದು ಎಣ್ಣೆ ಗಿರಣಿಯ ಮೇಲಿನ ಅಂತಸ್ತಿನಲ್ಲಿ ಇಬ್ಬರೂ ಕೂಡಿ ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತಿದ್ದರು. ಇಬ್ಬರೂ ಆಳಂದ ಕಡೆಯವರು. ಒಂದೇ ಮೈಕ್‌ಸೆಟ್ ಅಂಗಡಿಯಲ್ಲಿ ಕೆಲಸ ಕಲಿತು, ಮದುವೆಗೆ, ಗಣಪತಿಗೆ ಹಾರ್ನ್ ಕಟ್ಟುತ್ತ ಕಟ್ಟುತ್ತ ಪುಣೆ ಸೇರಿದವರು. ಆ ಕಾಲದಲ್ಲಿ ಒಮ್ಮೆ ಬಸವಪ್ರಭು ಏಣಿ ಹತ್ತಿ ಹಾರ್ನಿನ ತಂತಿ ಸರಿಮಾಡುತ್ತಿದ್ದಾಗ ಧರ್ಮರಾಜ ಕೆಳಗಿನಿಂದ ನೋಡದೆ ಆಂಪ್ಲಿಫೈಯರ್ ಹಾಕಿಬಿಟ್ಟಿದ್ದ. ಹಾರ್ನು ಎಡಗಿವಿಯಲ್ಲೇ ಒದರಿತು. ಕೆಲವು ದಿನ ಕಿವಿಯೊಳಗೆ ಗುಂಯ್ ಅನ್ನುತ್ತಿತ್ತು, ಆಮೇಲೆ ತಾನಾಗಿ ಸರಿಹೋಯಿತು. ಯಾರಿಗೂ ಹೇಳಬೇಡ ಎಂದು ಧರ್ಮರಾಜ ಕೈಮುಗಿದು ಅತ್ತಿದ್ದ. ಬಸವಪ್ರಭು ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಸ್ಟುಡಿಯೋದಲ್ಲಿ ಎರಡು ಜೋಡಿ ಸ್ಪೀಕರುಗಳಿದ್ದವು. ಗೋಡೆಗೆ ಹಚ್ಚಿದ್ದ ದೊಡ್ಡವು ಧರ್ಮರಾಜನ ಪ್ರಾಣ. ಅವುಗಳಲ್ಲಿ ಏನು ಹಾಕಿದರೂ ತುಪ್ಪ ಸುರಿದಂತೆ ಕೇಳುತ್ತಿತ್ತು. ಮೇಜಿನ ಮೇಲೆ ಎರಡು ಕಪ್ಪು ಪೆಟ್ಟಿಗೆ, ಒಂದೊಂದರಲ್ಲಿ ಸದ್ದು ಹೊರಡುವ ಒಂದು ಬಿಳಿ ಕಾಗದದ ಕೋನು, ಮೇಲೆ ಪುಟ್ಟದೊಂದು ಸ್ಪೀಕರು. ಇವು ಬಸವಪ್ರಭುವಿನವು. ಎಂಥ ಹಾಡನ್ನೂ ಇವು ಕಟಕು ರೊಟ್ಟಿಯ ಹಾಗೆ ಒಣಗಿಸಿ ಮುಂದಿಡುತ್ತಿದ್ದವು. ಮೇಲಿನ ಪುಟ್ಟ ಸ್ಪೀಕರು ಎಷ್ಟು ಚೀರುತ್ತಿತ್ತೆಂದರೆ ಅದರ ಮುಂದೆ ಟಿಶ್ಯೂ ಪೇಪರ್ ಅಂಟಿಸಿಕೊಂಡು ಕೆಲಸ ಮಾಡುವುದು ಎಲ್ಲ ಊರಿನ ಸ್ಟುಡಿಯೋಗಳಲ್ಲೂ ರೂಢಿಯಾಗಿತ್ತು.

"ಇವು ಮುಖಸ್ತುತಿ ಮಾಡೂದಿಲ್ಲ," ಅನ್ನುತ್ತಿದ್ದ ಬಸವಪ್ರಭು. "ಇದರಾಗ ಛಲೋ ಕೇಳಸ್ತು ಅಂದ್ರ ರಿಕ್ಷಾದಾಗೂ ಛಲೋ ಕೇಳಸ್ತದ, ಟೆಂಪೋದಾಗೂ ಕೇಳಸ್ತದ."

"ಅದು ಸ್ಪೀಕರಲ್ಲೋ, ಅತ್ತಿ ಅದ," ಅನ್ನುತ್ತಿದ್ದ ಧರ್ಮರಾಜ. "ಮುಂಜಾನಿಂದ ಸಂಜಿತನಕಾ ತಪ್ಪು ತಗೀತದ. ಅತ್ತಿ ಬೈದಷ್ಟಕ್ಕ ಪಲ್ಲೆ ರುಚಿ ಆಗ್ತದೇನು?"

ಹೀಗೆ ಜಗಳಾಡುತ್ತಲೇ ವರ್ಷಗಟ್ಟಲೆ ಒಟ್ಟಿಗೆ ಇದ್ದರು. ಜಗಳವೂ ಒಂದು ಸಂಗವೇ ಆಗಿತ್ತು.

ಪಂಢರಿನಾಥ ಶೇಟ್ ಎಂಬ ಕ್ಯಾಸೆಟ್ ವ್ಯಾಪಾರಿ ಪ್ರತಿ ವರ್ಷ ಆಷಾಢದ ಪಲ್ಲಕ್ಕಿ ಯಾತ್ರೆ, ಪಾಲ್ಖಿ, ಹೊರಡುವ ಮುಂಚೆ ಮರಾಠಿ ಅಭಂಗಗಳ ಕ್ಯಾಸೆಟ್ ತರುತ್ತಿದ್ದ. ಆ ವರ್ಷ ಅವಧೂತ ಬುವಾ ಎಂಬ ಹಿರಿಯ ಹಾಡುಗಾರರದು. ಮಿಕ್ಸಿಂಗ್ ಮಾಡಿದವನು ಬಸವಪ್ರಭು, ತನ್ನ ಬಿಳಿ ಕೋನಿನ ಮೇಲೆ. ಬುವಾನ ಜೊತೆ ಕೇಳಲು ಬಂದ ಶೇಟನಿಗೆ ಧರ್ಮರಾಜ ಅದನ್ನು ಬೇಕೆಂದೇ ದೊಡ್ಡ ಸ್ಪೀಕರಿನಲ್ಲಿ ಹಾಕಿದ. ಬುವಾನ ದನಿ ಮುಂದೆ, ಪಖವಾಜು ಹಿಂದೆ. ಶೇಟ್ ಹುಬ್ಬು ಗಂಟಿಕ್ಕಿ ಪಖವಾಜು ಎಲ್ಲಿ ಹೋಯಿತು ಎಂದು ಕೇಳಿದ. ಚಿಕ್ಕದರಲ್ಲಿ ಕೇಳಿ ನೋಡಿ, ಇಲ್ಲ ನಿಮ್ಮ ರಿಕ್ಷಾದಲ್ಲಿ ಕೇಳಿ ನೋಡಿ ಎಂದು ಬಸವಪ್ರಭು ಹೇಳುತ್ತಿರುವಾಗಲೇ ಧರ್ಮರಾಜ ಮರಾಠಿಯಲ್ಲಿ, ಬಹಳ ನೊಂದವನ ದನಿಯಲ್ಲಿ ಶುರುಮಾಡಿದ. ಇವನ ಎಡಗಿವಿ ಹೋಗಿ ಬಹಳ ವರ್ಷವಾಯಿತು ಶೇಟ್, ಹಾರ್ನ್ ಬಡಿದು ಹೋಯಿತು, ಗೆಳೆಯನ ಹೊಟ್ಟೆಯ ಮೇಲೆ ಹೊಡೆಯಬಾರದೆಂದು ಇಷ್ಟು ದಿನ ಸುಮ್ಮನಿದ್ದೆ. ಹಾಗಂದು ಟಿಶ್ಯೂ ಪೇಪರ್ ಕಿತ್ತು ಕೊಟ್ಟ.

ಬಸವಪ್ರಭು ಅವನ ಕೊರಳಪಟ್ಟಿಗೆ ಕೈ ಹಾಕಿದ. ಬುವಾ ನಡುವೆ ಬಂದು ಬಿಡಿಸಿದರು. ಅದೂ ಅವನಿಗೇ ತಿರುಗಿಬಿತ್ತು. ಕಿವಿ ಕೇಳದವರಿಗೆ ಹೀಗೇ ಸಿಟ್ಟು ಬರುತ್ತದೆ, ಪಾಪ, ಅಂದ ಶೇಟ್.

ಈ ಧಂದೆಯಲ್ಲಿ ಕುಡುಕನಿಗೆ ಕೆಲಸ ಸಿಗುತ್ತದೆ, ಕಳ್ಳನಿಗೂ ಸಿಗುತ್ತದೆ. ಕಿವಿ ಹೋದವನಿಗೆ ಯಾರು ಕೊಡುತ್ತಾರೆ? ಪಾಲ್ಖಿಯ ಕೆಲಸವೆಲ್ಲ ಧರ್ಮರಾಜನದಾಯಿತು. ಬಾಡಿಗೆ ಪತ್ರವೂ ಅವನ ಹೆಸರಿನಲ್ಲೇ ಇತ್ತು. "ನಿನ್ನ ಡಬ್ಬಿ ನೀ ಒಯ್ಯಿ" ಅಂದ. ಬಸವಪ್ರಭು ರಿಕ್ಷಾದಲ್ಲಿ ಕೂತು ತೊಡೆಗೊಂದು ಪೆಟ್ಟಿಗೆ ಇಟ್ಟುಕೊಂಡು ಮನೆಗೆ ಬಂದ. ಟಿಶ್ಯೂ ಪೇಪರು ಅಂಗಿಯ ಜೇಬಿನಲ್ಲಿತ್ತು. ಅದನ್ನು ಎಸೆಯಲಿಲ್ಲ.

ಮತ್ತೆ ಮೈಕ್‌ಸೆಟ್ ಅಂಗಡಿಯೇ ಗತಿಯಾಯಿತು. ಒಳಗಿನ ಕೋಣೆಯಲ್ಲಿ ಹಣ್ಣಿನ ಗಾಡಿಯವರಿಗೆ, ಸರ್ಕಸ್ಸಿನವರಿಗೆ ಕೂಗುವ ಕ್ಯಾಸೆಟ್ ಮಾಡಿಕೊಟ್ಟ. ಹೊಟ್ಟೆಗೇನೂ ಕಡಿಮೆ ಬೀಳಲಿಲ್ಲ. ಆದರೆ ಜನ ಅವನೊಡನೆ ಮಾತಾಡುವಾಗ ದನಿ ಏರಿಸುತ್ತಿದ್ದರು. ಚಹಾದವನು ಬಲಗಡೆಗೆ ಸುತ್ತಿ ಬಂದು ಕೂಗುತ್ತಿದ್ದ. ಹೆಂಡತಿ ಅಂಬಾಬಾಯಿಯ ತವರಿನವರು ಫೋನಿನಲ್ಲಿ "ಮಾವಗ ಕೇಳಸ್ಲಿಕತ್ತದೇನು?" ಎಂದು ಅವಳನ್ನು ಕೇಳುತ್ತಿದ್ದರು. ಪ್ರತಿ ಸಲವೂ ಬಸವಪ್ರಭು ಮನಸ್ಸಿನಲ್ಲಿ ಧರ್ಮರಾಜನ ಹೆಸರಿನಲ್ಲಿ ಸೇಡಿನ ಒಂದು ಗಂಟು ಹಾಕಿಡುತ್ತಿದ್ದ.

ಏಳನೆಯ ವರ್ಷ ಧರ್ಮರಾಜ ತಾನಾಗಿ ಅಂಗಡಿಗೆ ಬಂದ. ಅಷ್ಟರಲ್ಲಿ ಅವನು ವಿಮಾನ ನಗರದಲ್ಲಿ ಎಸಿ ಸ್ಟುಡಿಯೋ ಮಾಡಿದ್ದ. ಕಾರಿನಿಂದ ಇಳಿದವನೇ ಬಲಗಿವಿಯ ಹತ್ತಿರ ಬಾಗಿ, ಇಡೀ ಓಣಿಗೆ ಕೇಳುವಂತೆ, "ಹ್ಯಾಂಗಿದ್ದೀಪಾ ಬಸ್ಯಾ?" ಅಂದ.

"ಇಷ್ಟ್ಯಾಕ ಒದರ್ತಿ? ನಾನೇನು ಅಷ್ಟು ದೂರ ದೇಹೂ ಊರಾಗಿದ್ದೀನೇನು?"

ಧರ್ಮರಾಜ ನಕ್ಕು ವಿಷಯಕ್ಕೆ ಬಂದ. ಮುಂಬಯಿಯಿಂದ ಬರುವ ಪಾರ್ಟಿಗಳು ಬಿಳಿ ಕೋನು ಎಲ್ಲಿ ಎಂದೇ ಮೊದಲು ಕೇಳುತ್ತಾರೆ. ಅದರಲ್ಲಿ ಕೇಳಿ ಒಪ್ಪಿಗೆಯಾದರೇ ಅವರಿಗೆ ಸಮಾಧಾನ. ಕಂಪನಿಯವರು ಅವನ್ನು ಮಾಡುವುದನ್ನೇ ನಿಲ್ಲಿಸಿದ್ದಾರೆ, ಎಲ್ಲೂ ಸಿಗುವುದಿಲ್ಲ.

"ಅತ್ತಿ ಅಂತಿದ್ದಿ ಅದಕ್ಕ."

"ಅತ್ತಿನs ಬೇಕಂತಾರಪ್ಪಾ ಮಂದಿ. ನನಗ ಈಗೂ ಸೇರೂದಿಲ್ಲ. ನಿನಗಂತೂ ಅದರ ಉಪಯೋಗಿಲ್ಲ."

ಉಪಯೋಗವಿಲ್ಲ ಎನ್ನುವಾಗ ಧರ್ಮರಾಜನ ಕೈ ತನಗೇ ತಿಳಿಯದಂತೆ ತನ್ನ ಕಿವಿಯತ್ತ ಹೋಯಿತು. ಬಸವಪ್ರಭು ಅದನ್ನು ನೋಡಿದ. ಅವನ ಸಿಟ್ಟು ತಣ್ಣಗಾಗಿ ಲೆಕ್ಕ ಹಾಕತೊಡಗಿತು.

"ನಾಳೆ ಬಾ," ಅಂದ. "ಧೂಳ ಒರಸಿ ಇಟ್ಟಿರ್ತೀನಿ."

ಅಂದು ಮಧ್ಯಾಹ್ನ ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಕೂತ. ಎರಡೂ ಪೆಟ್ಟಿಗೆಗಳ ಹಿಂಬದಿ ಬಿಚ್ಚಿ, ಪುಟ್ಟ ಸ್ಪೀಕರಿಗೆ ಹೋಗುವ ತಂತಿಯನ್ನು ಕತ್ತರಿಸಿ, ನಡುವೆ ಸದ್ದು ತಗ್ಗಿಸುವ ಒಂದು ರೆಸಿಸ್ಟರ್ ಸೇರಿಸಿ ಸೋಲ್ಡರ್ ಮಾಡಿದ. ಚೀರುವ ಪುಟ್ಟ ಸ್ಪೀಕರು ಈಗ ಬಾಯಿಗೆ ಸೆರಗು ಹಿಡಿದು ಮಾತಾಡಿದಂತೆ ಮಾತಾಡುತ್ತಿತ್ತು. ಹೊರಗಿನಿಂದ ಏನೂ ಕಾಣದು. ಇದರ ಮುಂದೆ ಕೂತವನಿಗೆ ಹಾಡು ಮಂಕು ಅನ್ನಿಸುತ್ತದೆ, ಮಂಕು ಎಂದು ಅವನು ತೀಕ್ಷ್ಣ ಮಾಡುತ್ತಾನೆ, ಮಾಡಿದ್ದು ಹೊರಗೆ ಹೋಗಿ ಜನರ ಕಿವಿಗೆ ದಬ್ಬಣವಾಗುತ್ತದೆ.

ಊಟಕ್ಕೆ ಕರೆಯಲು ಬಂದ ಅಂಬಾಬಾಯಿ ಬಾಗಿಲಲ್ಲಿ ನಿಂತು ನೋಡಿದಳು. "ಏನ್ ಮಾಡ್ಲಿಕತ್ತೀರಿ?"

"ಇವಕ್ಕ ಸ್ವಲ್ಪ ಮುಖಸ್ತುತಿ ಕಲಸ್ಲಿಕತ್ತೀನಿ."

ಧರ್ಮರಾಜ ಒಯ್ದ ಮೇಲೆ ಬಂದ ಸುದ್ದಿ ಬಸವಪ್ರಭುವಿಗೆ ಹಬ್ಬದ ಊಟದಂತಿತ್ತು. ಬಿಳಿ ಕೋನನ್ನು ಮೊದಲಿನಿಂದಲೂ ಬೈಯುತ್ತಿದ್ದವನು ಈಗ ಅದರ ಭಕ್ತನಾಗಿದ್ದನಂತೆ. ಹಳೆಯದಾದಷ್ಟೂ ಇವು ಮಾಗುತ್ತವೆ, ಪೇಪರಿನ ಹಂಗೇ ಬೇಕಾಗಿಲ್ಲ, ಪೇಪರ್ ಅಂಟಿಸುತ್ತಿದ್ದವರೆಲ್ಲ ಹುಚ್ಚರು ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದನಂತೆ. ದೊಡ್ಡ ಸ್ಪೀಕರಿನಲ್ಲಿ ಹಾಡು ಸ್ವಲ್ಪ ಚುಚ್ಚಿದರೂ, ಮುಂಬಯಿಯವರು ನಂಬುವುದು ಚಿಕ್ಕದನ್ನು ಎಂದು ಚಿಕ್ಕದನ್ನೇ ನಂಬಿದ.

ಮರುವರ್ಷದ ಪಾಲ್ಖಿಗೆ ಪಂಢರಿನಾಥ ಶೇಟ್ ಅವಧೂತ ಬುವಾನ ಹೊಸ ಸಿ.ಡಿ. ತಂದ. ಮಿಕ್ಸಿಂಗ್ ಧರ್ಮರಾಜನದು. ಪಾಲ್ಖಿ ಹಡಪಸರ ದಾಟುವ ದಿನ ಬಸವಪ್ರಭು ರಸ್ತೆಯ ಬದಿಗೆ ನಿಂತಿದ್ದ. ಸಾಸವಡದ ಕಡೆ ತಿರುಗುವಲ್ಲಿ ಒಂದು ಟೆಂಪೋ ಆ ಹಾಡು ಹಾಕಿಕೊಂಡು ಬಂತು. ತಾಳಗಳು ಚಾಕು ಮಸೆದಂತೆ, ಬುವಾನ 'ಸ' ಎಲ್ಲ ಹಾವು ಬುಸುಗುಟ್ಟಿದಂತೆ. ತಲೆಯ ಮೇಲೆ ತುಳಸಿ ಹೊತ್ತ ಮುದುಕಿಯೊಬ್ಬಳು ಕಿವಿ ಮುಚ್ಚಿಕೊಂಡು, "ಬಂದ್ ಕರ ರೇ ಬಾಬಾ, ಕಾನ ಫಾಟಲೇ" ಅಂದಳು, ನಿಲ್ಲಿಸಪ್ಪಾ, ಕಿವಿ ಹರಿದವು ಎಂದು. ಡ್ರೈವರ್ ಹಾಡು ನಿಲ್ಲಿಸಿದ.

ಬಸವಪ್ರಭು ಅಲ್ಲೇ ಒಂದು ಚಹಾ ಕುಡಿದ. ಅಷ್ಟು ಸಿಹಿ ಚಹಾ ಅವನು ಏಳೆಂಟು ವರ್ಷದಲ್ಲಿ ಕುಡಿದಿರಲಿಲ್ಲ.

ಮನೆಗೆ ಬಂದು ಹೇಳಿದಾಗ ಅಂಬಾಬಾಯಿ ನಗಲಿಲ್ಲ. "ಬುವಾ ನಿಮಗೇನ್ ಮಾಡಿದ್ರು? ಅವತ್ತ ಬಿಡಸ್ಲಿಕ್ಕ ಬಂದವರು ಅವರೊಬ್ಬರs."

"ನಡುವ ಬಂದವ್ರಿಗೆ ಪೆಟ್ಟ ಬೀಳ್ತದ."

"ನಿಮ್ಮ ಸಿಟ್ಟಿನ್ಯಾಗ ಎಲ್ಲಾರೂ ನಡುವ ಬಂದವ್ರs," ಅಂದು ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಶೇಟನ ಸಿ.ಡಿ. ವಾಪಸ್ ಬರತೊಡಗಿದವು. ಮುಂಬಯಿಯ ಪಾರ್ಟಿಗಳೂ ದೂರು ಹೇಳಿದರು. ಧರ್ಮರಾಜನ ಕಿವಿ ಹೋಗಿದೆ ಎಂಬ ಮಾತು ಹುಟ್ಟಿಕೊಂಡಿತು. ಅದನ್ನು ಬಸವಪ್ರಭು ಹುಟ್ಟಿಸಲಿಲ್ಲ. ಹುಟ್ಟಿಸುವ ಅಗತ್ಯವೇ ಬೀಳಲಿಲ್ಲ.

ಶ್ರಾವಣದಲ್ಲಿ ಒಂದು ದಿನ ಧರ್ಮರಾಜ ಮತ್ತೆ ಬಂದ. ಕಾರು ದೂರ ನಿಲ್ಲಿಸಿದ್ದ. ಮುಖ ಇಳಿದಿತ್ತು. ಈ ಸಲ ಒದರಲಿಲ್ಲ.

"ಬಸ್ಯಾ, ನನ್ನ ಕಿವಿ ಹೋಗ್ಯಾವ."

ಬಸವಪ್ರಭು ಕೈಯಲ್ಲಿದ್ದ ತಂತಿಯನ್ನು ಕೆಳಗಿಡಲಿಲ್ಲ.

"ದೊಡ್ಡ ಸ್ಪೀಕರ್ ಒಂದ್ ಹೇಳ್ತದ, ಸಣ್ಣವು ಒಂದ್ ಹೇಳ್ತಾವ. ಯಾವುದು ಖರೆ ತಿಳೀವಲ್ದು. ಹಾಸಿಗ್ಯಾಗ ಗಡಿಯಾರ ಕಿವಿಗಿ ಹಚ್ಕೊಂಡು ನೋಡ್ತೀನಿ. ಡಾಕ್ಟರ್ ಮಶಿನ್ ಹಚ್ಚಿ ನೋಡಿ ಕಿವಿ ಛಲೋ ಅವ ಅಂದ. ಅವಗೇನ್ ತಿಳೀತದ ಹಾಡಿಂದು."

"ಅದಕ್ಕ?"

"ನೀ ಬಂದು ಬಾಜೂಕ ಕೂಡು. ನೀ ಹೇಳ್ದಂಗ ಮಾಡ್ತೀನಿ. ಅರ್ಧಕ್ಕರ್ಧ ನಿಂದು."

"ಕಿವುಡನ್ನ ಕೂಡಿಸ್ಕೊಂಡು ಏನ್ ಮಾಡ್ತಿ?"

ಧರ್ಮರಾಜ ತಲೆ ತಗ್ಗಿಸಿದ. "ಕಿವುಡಲ್ಲ ನೀನು. ಇಬ್ಬರಿಗೂ ಗೊತ್ತದ."

"ಇಬ್ಬರಿಗೆ ಗೊತ್ತಿದ್ದು ಉಪಯೋಗಿಲ್ಲ. ಶೇಟ್‌ನ ಕರಿ, ಬುವಾನ ಕರಿ. ಅವತ್ತ ಹೇಳಿದ ಮಂದಿ ಮುಂದs ಹೇಳು. ಹಾರ್ನ್ ಹಾಕಿದವ ಯಾರು ಅದನ್ನೂ ಹೇಳು. ಆಮ್ಯಾಲ ಬಂದು ಕೂಡ್ತೀನಿ."

ಆ ವಾರವೇ ವಿಮಾನ ನಗರದ ಸ್ಟುಡಿಯೋದಲ್ಲಿ ಎಲ್ಲರೂ ಸೇರಿದರು. ಶೇಟ್ ಸೋಫಾದಲ್ಲಿ, ಬುವಾ ಕೋಲು ಊರಿಕೊಂಡು ಕುರ್ಚಿಯಲ್ಲಿ. ಧರ್ಮರಾಜ ಮೇಜಿಗೆ ಬೆನ್ನು ಕೊಟ್ಟು ನಿಂತು ಮರಾಠಿಯಲ್ಲಿ ಎಲ್ಲ ಹೇಳಿದ. ಆಂಪ್ಲಿಫೈಯರ್ ಹಾಕಿದವನು ತಾನು. ಬಸವಪ್ರಭುವಿನ ಕಿವಿ ಆಗಲೇ ಸರಿಹೋದದ್ದು ತನಗೆ ಗೊತ್ತಿತ್ತು. ಪಾಲ್ಖಿಯ ಕೆಲಸ ತನಗೊಬ್ಬನಿಗೇ ಸಿಗಲಿ ಎಂದು ಸುಳ್ಳು ಹೇಳಿದೆ. ಈಗ ದೇವರು ತನ್ನ ಕಿವಿಯನ್ನೇ ಕಿತ್ತುಕೊಂಡ. ಶೇಟ್ ನೆಲ ನೋಡಿದ.

ಬಸವಪ್ರಭು ಇಷ್ಟು ಕೇಳಿ ಎದ್ದುಹೋಗಬೇಕೆಂದು ಮೊದಲೇ ಲೆಕ್ಕ ಹಾಕಿಟ್ಟಿದ್ದ. ಧರ್ಮರಾಜ ಸಾಯುವತನಕ ತಾನು ಕಿವುಡನೆಂದುಕೊಂಡೇ ಇರಲಿ. ಆದರೆ ಅವನು ದೇವರ ಹೆಸರು ಎತ್ತಿದನಲ್ಲ, ಅದನ್ನು ಬಸವಪ್ರಭುವಿಗೆ ತಡೆಯಲಾಗಲಿಲ್ಲ. ಏಳೆಂಟು ವರ್ಷ ಸಾಕಿದ ಸೇಡನ್ನು ದೇವರ ಖಾತೆಗೆ ಬಿಟ್ಟುಕೊಡಲು ಅವನೇನು ಸಂತನೇ?

ಕೆಲಸದ ರೂಢಿಯಂತೆ ಸದಾ ಜೇಬಿನಲ್ಲಿರುತ್ತಿದ್ದ ಸ್ಕ್ರೂಡ್ರೈವರ್ ತೆಗೆದ. ಒಂದು ಪೆಟ್ಟಿಗೆಯ ಹಿಂಬದಿ ಬಿಚ್ಚಿದ, ಇನ್ನೊಂದರದನ್ನೂ ಬಿಚ್ಚಿದ. ರೆಸಿಸ್ಟರುಗಳನ್ನು ಕತ್ತರಿಸಿ ತೆಗೆದು, ತಂತಿಗಳನ್ನು ಹೊಸೆದು ಸೇರಿಸಿ ಮುಚ್ಚಿದ. ಆಮೇಲೆ ಬುವಾನ ಸಿ.ಡಿ. ಹಾಕಿದ.

ಜನ ದೂರಿದ ಹಾಗೆಯೇ ಬಿಳಿ ಕೋನುಗಳು ಚೀರಿದವು. ಶೇಟ್ ಕಿವಿಗೆ ಬೆರಳಿಟ್ಟುಕೊಂಡ. ಧರ್ಮರಾಜನ ಮುಖ ಮಾತ್ರ ಅರಳಿತು. "ಕೇಳಸ್ತದ," ಅಂದ. "ನನಗ ಕೇಳಸ್ತದ ಬಸ್ಯಾ, ಕಿವಿ ಹೋಗಿಲ್ಲ ನಂದು." ಹಾಗೆ ಅಂದವನ ಕಣ್ಣು ಮೇಜಿನ ಮೇಲೆ ಬಿದ್ದಿದ್ದ ಎರಡು ರೆಸಿಸ್ಟರುಗಳ ಮೇಲೆ ನಿಂತಿತು. ಅಲ್ಲಿಂದ ಶೇಟನ ಮುಖಕ್ಕೆ ಹೋಯಿತು. ತಾನು ಈಗಷ್ಟೇ ಯಾರೆದುರು ಏನೇನು ಹೇಳಿಕೊಂಡೆ ಎಂಬುದು ಅವನಿಗೆ ಒಂದೊಂದಾಗಿ ಹೊಳೆಯುವುದು ಹೊರಗೇ ಕಾಣುತ್ತಿತ್ತು. ಬಸವಪ್ರಭುವಿಗೆ ಬೇಕಾಗಿದ್ದದ್ದು ಅದೇ. ಕಣ್ಣು ಮಿಟುಕಿಸದೆ ನೋಡಿದ.

"ನಿನ್ನ ಮ್ಯಾಲ ಕೇಸ್ ಹಾಕ್ತೀನಿ," ಅಂದ ಧರ್ಮರಾಜ.

"ಹಾಕು. ಈಗ ಹೇಳಿದ್ದೆಲ್ಲಾ ಅಲ್ಲೂ ಹೇಳಬೇಕಾಗ್ತದ. ಹಾರ್ನಿನಿಂದ ಶುರು ಮಾಡು."

ಬುವಾ ಕೋಲು ಊರಿ ಎದ್ದರು. ಇಷ್ಟು ಹೊತ್ತು ಅವರು ಧರ್ಮರಾಜನನ್ನು ನೋಡುತ್ತಿದ್ದರು. ಈಗ ಬಸವಪ್ರಭುವಿನತ್ತ ತಿರುಗಿ, ನನ್ನ ಹಾಡು ಕೆಟ್ಟದ್ದು ಇವನ ಕಿವಿಯಿಂದ ಅಲ್ಲ ಹಾಗಾದರೆ, ನಿನ್ನ ಕೈಯಿಂದ, ಅಂದರು.

"ಹೌದ್ರಿ ಬುವಾ," ಅಂದ ಬಸವಪ್ರಭು. ಕನ್ನಡದಲ್ಲೇ ಬಂತು. ಬುವಾ ಹೊರಗೆ ಹೋದರು. ಶೇಟ್ ಅವರ ಹಿಂದೆ ಹೋದ, ಇಬ್ಬರಲ್ಲಿ ಯಾರನ್ನೂ ನೋಡದೆ.

"ಒಯ್ಯಿ ನಿನ್ನ ಡಬ್ಬಿ," ಅಂದ ಧರ್ಮರಾಜ.

"ಕೊಟ್ಟಿದ್ದು ಕೊಟ್ಟೆ. ಇಷ್ಟು ದಿನ ಸುಳ್ಳು ಹೇಳಿದ್ವು, ಇನ್ನ ಮ್ಯಾಲ ಖರೆ ಹೇಳ್ತಾವ. ದಿನಾ ಅದರ ಮುಂದ ಕೂತು ಕೆಲಸ ಮಾಡು."

ಬಾಗಿಲ ತನಕ ಹೋದವನು ತಿರುಗಿ ಬಂದ. ಜೇಬಿನಿಂದ ಮಡಿಸಿದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿನಿಂದ ಹಳದಿ ಬಣ್ಣಕ್ಕೆ ತಿರುಗಿದ್ದ ಟಿಶ್ಯೂ ಪೇಪರನ್ನು ಹರಿಯದ ಹಾಗೆ ಬಿಡಿಸಿದ. ಧರ್ಮರಾಜ ಅದನ್ನು ಗುರುತು ಹಿಡಿದ. ಕೈ ಚಾಚಲಿಲ್ಲ. ಬಸವಪ್ರಭು ಅವನ ಕೈ ಎಳೆದು ಅದನ್ನು ಅಂಗೈಯಲ್ಲಿಟ್ಟ.

"ತಗೋ. ಭಾಳ ಚೀರ್ತಾವ ಅವು. ಅಂಟಿಸ್ಕೊ."