ಮಾಳವ್ವನ ಪದ ತಿಂದ ಕಾವಲುಗಾರ

ಆ ಸಾಫ್ಟ್‌ವೇರ್ ಮಾಡಿದವರ ಮನೆ ಹಾಳಾಗಲಿ ಎಂದು ನಾನು ಇವತ್ತಿಗೂ ಬೈಯುತ್ತೇನೆ. ಬೈಯುವುದಕ್ಕೆ ನನಗೆ ನಾಚಿಕೆಯಿಲ್ಲ.

೨೦೦೫ನೇ ಇಸವಿ. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಕಂಪ್ಯೂಟರ್ ಮಾರಿದವನು ಕೇಳದೆಯೇ ಅದನ್ನು ಹಾಕಿಕೊಟ್ಟಿದ್ದ. ವೈರಸ್ ಹಿಡಿಯುತ್ತದೆ, ಫೈಲುಗಳ ನಕಲನ್ನೂ ತೆಗೆದಿಡುತ್ತದೆ, ಚಿಂತೆ ಬಿಡ್ರಿ ಎಂದಿದ್ದ. ಅದು ಬಂದು ಕೂತ ದಿನದಿಂದ ನಾಲ್ಕು ಅಕ್ಷರ ಒತ್ತಿ ಐದನೆಯದು ಬರುವಷ್ಟರಲ್ಲಿ ಚಹಾ ಆರುತ್ತಿತ್ತು. ತೆಗೆಯಲು ಹೋದರೆ ‘ನೀವು ಅಪಾಯದಲ್ಲಿದ್ದೀರಿ’ ಎಂದು ಹೆದರಿಸುತ್ತಿತ್ತು. ಹಟ ಹಿಡಿದು ತೆಗೆದೆ. ಮತ್ತೆ ಆನ್ ಮಾಡಿದರೆ ಅದೇ ಮೂಲೆಯಲ್ಲಿ ಅದೇ ಹಸಿರು ಚಿಹ್ನೆ. ಹೋಗೆಂದರೂ ಏಳದ ನೆಂಟ.

ಅದೇ ದಿನಗಳಲ್ಲಿ ಬೈರಿದೇವರಕೊಪ್ಪದ ಮಾಳವ್ವ ಬಂದಳು. ಎಪ್ಪತ್ತೆಂಟು ವರ್ಷ. ಓದಲು ಬಾರದು, ಆದರೆ ಅರಿಷಿಣ ಬೀಸುವಾಗ ಹಾಡುವ ಪದಗಳು ಎಪ್ಪತ್ತು ಬರುತ್ತಿದ್ದವು. ಮೊಮ್ಮಗಳ ಮದುವೆ ಗೊತ್ತಾಗಿತ್ತು. ಮದುವೆಯ ಅರಿಷಿಣವನ್ನು ಐದು ಮಂದಿ ಮುತ್ತೈದೆಯರು ಹಾಡುತ್ತ ಬೀಸಬೇಕು. ಗಂಡ ತೀರಿಹೋದ ಮಾಳವ್ವ ಆ ಬೀಸುಕಲ್ಲನ್ನು ಮುಟ್ಟುವಂತಿಲ್ಲ. ಸೊಸೆಯರಿಗೆ ಒಂದು ಪದವೂ ಬಾರದು.

“ನಾ ಕಲ್ಲ ಮುಟ್ಟಾಂಗಿಲ್ಲ ಸುಮಲತಾ. ನನ್ನ ಪದ ಆದ್ರೂ ಮುಟ್ಟಲಿ. ಬುಕ್ಕ ಮಾಡಿ ಕೊಡು, ನೋಡಿ ಹಾಡ್ತಾರ,” ಎಂದಳು.

ದಿನಾ ಮಧ್ಯಾಹ್ನ ಬಂದು ಸ್ಟೂಲಿನ ಮೇಲೆ ಕೂತು ಹಾಡುತ್ತಿದ್ದಳು. ಕೈ ಸುಮ್ಮನಿದ್ದರೆ ಪದ ಹೊರಡುತ್ತಿರಲಿಲ್ಲ. ನನ್ನ ಟೇಬಲ್ಲಿನ ಮೇಲೆ ಮುಷ್ಟಿ ಊರಿ ಬೀಸುವ ಹಾಗೆ ತಿರುಗಿಸುತ್ತಿದ್ದಳು. ಮೊದಲು ಹಾಳೆಯಲ್ಲಿ ಬರೆದುಕೋ ಅಂದಳು.

“ಯಾಕಬೇ ಯವ್ವಾ ಎರಡೆರಡು ಕೆಲಸ? ನೀ ಹಾಡು, ನಾ ನೇರ ಹೊಡಿತೇನಿ,” ಎಂದೆ. ಹುಬ್ಬಳ್ಳಿಯಲ್ಲಿ ನನ್ನಷ್ಟು ಲಗೂ ಟೈಪ್ ಮಾಡುವವರಿಲ್ಲ ಎಂಬ ಸೊಕ್ಕು. ಇಪ್ಪತ್ತು ದಿನದಲ್ಲಿ ಎಪ್ಪತ್ತೂ ಮುಗಿದವು.

ಮರುದಿನ ಪ್ರಿಂಟ್ ತೆಗೆಯಲು ಕೂತರೆ ಕಂಪ್ಯೂಟರಿನಲ್ಲಿ ಕನ್ನಡವೇ ಇಲ್ಲ. ನನ್ನ ಕನ್ನಡ ಟೈಪಿಂಗ್ ಪ್ರೋಗ್ರಾಮನ್ನು ಆ ಕಾವಲುಗಾರ ಸಾಫ್ಟ್‌ವೇರ್ ಕಳ್ಳನೆಂದು ತೀರ್ಮಾನಿಸಿತ್ತು. ಒತ್ತಿದ ಕೀಲಿಗಳನ್ನು ಕದಿಯುತ್ತದಂತೆ! ಒತ್ತಿದ ಕೀಲಿ ಹಿಡಿದು ಕನ್ನಡ ಮಾಡುವುದೇ ಅದರ ಕೆಲಸವಲ್ಲವೇನೋ ದಡ್ಡಾ? ಪ್ರೋಗ್ರಾಮನ್ನೂ ಅದರಲ್ಲಿ ಮಾಡಿದ ಫೈಲುಗಳನ್ನೂ ಅಳಿಸಿ ‘ಎಲ್ಲವೂ ಸುರಕ್ಷಿತ’ ಎಂದು ತೋರಿಸುತ್ತಿತ್ತು.

ನಕಲು ಇದೆಯಲ್ಲ ಎಂದು ತಡಕಾಡಿದೆ. ಲಗ್ನಪತ್ರಿಕೆಯ ಗಣಪತಿ ಚಿತ್ರಕ್ಕೆ ಒಂಬತ್ತು ನಕಲು. ಮಾಳವ್ವನ ಪದ ಒಂದೂ ಇಲ್ಲ. ಕಂಪನಿಗೆ ಫೋನ್ ಮಾಡಿದೆ. ಅರ್ಧ ತಾಸು ಸಂಗೀತ ಕೇಳಿಸಿದ ಮೇಲೆ ಒಬ್ಬ ಮಾತಾಡಿದ.

“ಆ ಥರದ ಫೈಲ್ ನಮ್ಮ ಪಟ್ಟಿಯಲ್ಲಿಲ್ಲ ಮೇಡಂ. ಗುರುತಿಲ್ಲದ್ದನ್ನ ಬ್ಯಾಕಪ್ ಮಾಡೋದಿಲ್ಲ.”

“ಗುರುತಿಲ್ಲದ್ದನ್ನ ಅಳಸಾಕ ಮಾತ್ರ ಬರತೈತೇನ್ರಿ?”

ಫೋನ್ ಕಟ್ಟಾಯಿತು. ಸಿಟ್ಟಿಗೆ ಮಾನಿಟರಿಗೆ ಎರಡೇಟು ಹಾಕಿದೆ. ನನ್ನ ಕೈ ನೊಂದಿತು, ಅಷ್ಟೇ.

ಮಧ್ಯಾಹ್ನ ಮಾಳವ್ವ ಬುಕ್ಕು ಒಯ್ಯಲು ಬಂದಳು. ಆದದ್ದನ್ನೆಲ್ಲ ಹೇಳಿದೆ. ಮದುವೆಗೆ ನಾಲ್ಕೇ ದಿನ ಉಳಿದಿತ್ತು. ಅವಳು ಬೈಯಲಿಲ್ಲ.

“ಹಾಳಿ ತಗಿ,” ಎಂದಳು.

ಪೆನ್ನು ಹಿಡಿದು ಕೂತೆ. ಮುಷ್ಟಿ ತಿರುಗಿತು. ಹನ್ನೊಂದು ಪದ ಬಂದವು. ಹನ್ನೆರಡನೆಯದರ ನಡುವೆ ಮುಷ್ಟಿ ನಿಂತಿತು. ಎರಡು ಸಲ ಮೊದಲಿನಿಂದ ಹಾಡಿಕೊಂಡು ಬಂದಳು, ಎರಡು ಸಲವೂ ಅಲ್ಲಿಗೇ ನಿಂತಳು.

“ನಿನಗ ಕೊಟ್ಟಾತಲ್ಲ ಅಂತ ಹಗುರಾಗಿ ಬಿಟ್ಟಿದ್ದೆ. ಮುಂದಿಂದು ನೀನ ಹೇಳವ್ವಾ,” ಎಂದಳು. “ಎಲ್ಲಾ ನಿನ್ನ ಮುಂದನ ಹಾಡೇನಿ.”

ಎಪ್ಪತ್ತು ಪದ ನನ್ನ ಬೆರಳುಗಳಲ್ಲಿ ಹಾದು ಹೋಗಿದ್ದವು. ಒಂದನ್ನೂ ನಾನು ಕೇಳಿರಲಿಲ್ಲ. ಮಾಳವ್ವ ಮುಷ್ಟಿಯನ್ನು ಟೇಬಲ್ಲಿನ ಮೇಲೆ ಹಾಗೆಯೇ ಇಟ್ಟುಕೊಂಡು, ನಾನು ಹೇಳುತ್ತೇನೆಂದು ಕಾಯುತ್ತ ಕೂತಿದ್ದಳು.