ಪ್ರಸ್ಥಾನದ ಪೆಟ್ಟಿಗೆ

ಮತ್ತೆ ಒಳಗೆ ಫೋನು ಹೊಡೆದುಕೊಳ್ಳುತ್ತಿದೆ, ದೇವಸ್ಥಾನದ ಗಂಟೆಯ ರಿಂಗ್‌ಟೋನು, ಮಂಜುಳಮ್ಮನವರದು, ಮಾಡುತ್ತಿರುವವಳು ನಾನೇ, ಅವರದೇ ಮನೆಯ ಮೆಟ್ಟಿಲ ಮೇಲೆ ಕೂತು — ಕಿವಿಗೆ ಒತ್ತಿಕೊಂಡ ಕಡೆ ಒಂದು ಸದ್ದು, ಬೆನ್ನ ಹಿಂದಿನ ಬಾಗಿಲೊಳಗೆ ಇನ್ನೊಂದು ಸದ್ದು, ಯಾರೂ ಎತ್ತುವುದಿಲ್ಲ ಅಂತ ಗೊತ್ತಿದ್ದೂ ಮಾಡುತ್ತೇನೆ, ಒಂದೇ ಲೆಕ್ಕವನ್ನು ಹತ್ತು ಸಲ ಮಾಡಿದರೆ ಉತ್ತರ ಬದಲಾಗುತ್ತೇನ್ರೋ ಅಂತ ಹದಿನಾರು ವರ್ಷ ಸ್ಕೂಲಿನಲ್ಲಿ ಮಕ್ಕಳನ್ನು ಗದರಿದವಳು ನಾನು. ಎದುರುಮನೆಯವರು, ಒಳ್ಳೆಯವರು, ಫೋನನ್ನು ಮನೆಯಲ್ಲೇ ಬಿಟ್ಟು ಬೀಗದ ಕೈಯನ್ನು ಮಾತ್ರ ಜೋಪಾನವಾಗಿ ತೆಗೆದುಕೊಂಡು ಗಂಡನ ಜೊತೆ ಕುಣಿಗಲ್ಲಿಗೆ ಹೋಗಿದ್ದಾರೆ, ತಂಗಿಯ ಮೊಮ್ಮಗುವಿಗೆ ನಾಮಕರಣವಂತೆ, ಹನ್ನೊಂದಕ್ಕೆಲ್ಲ ಬಂದ್ಬುಡ್ತೀವಿ ಕಣಮ್ಮ ಅಂದಿದ್ದರು, ಗಂಡ ಸದಾಶಿವಯ್ಯನವರ ಫೋನೋ ಸ್ವಿಚ್ ಆಫ್, ಬ್ಯಾಟರಿ ಸವೆಯುತ್ತದೆ ಅಂತ ಆರಿಸಿಟ್ಟುಕೊಳ್ಳುವ ಕಾಲದವರು ಅವರು. ಕಿಟಕಿಯ ಸರಳಿಗೆ ಹಣೆ ಒತ್ತಿದರೆ ಪೆಟ್ಟಿಗೆ ಕಾಣುತ್ತದೆ, ನನ್ನ ನೀಲಿ ಪೆಟ್ಟಿಗೆ, ಟಿವಿ ಸ್ಟ್ಯಾಂಡಿನ ಪಕ್ಕ ಗೋಡೆಗೆ ಒರಗಿ ನಿಂತಿದೆ, ಹಿಡಿಕೆಗೆ ಅತ್ತೆ ಕಟ್ಟಿದ ಹಸಿರು ಗಂಟು, ಮುಂದಿನ ಜೇಬಿನಲ್ಲಿ ನನ್ನ ಪಾಸ್‌ಪೋರ್ಟು. ನಾಲ್ಕಕ್ಕೆ ಕಾರು ಬರುತ್ತದೆ, ರಾತ್ರಿ ಮಸ್ಕತ್ತಿಗೆ ವಿಮಾನ, ಕೆಲಸ ಕೊಟ್ಟ ಅಲ್ಲಿನ ಸ್ಕೂಲಿನವರು ನನ್ನ ಹೆಸರಿನ ಬೋರ್ಡು ಹಿಡಿದು ನಿಲ್ಲುತ್ತಾರಂತೆ — ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ, ಅಷ್ಟು ದೂರದ ದೇಶ ವೀಸಾ ಕೊಟ್ಟಿತು, ಎದುರುಮನೆಯ ಬೀಗ ಕೊಡುತ್ತಿಲ್ಲ.

ಎಲ್ಲ ಮಂಗಳವಾರದಿಂದ ಬಂದದ್ದು. ಟಿಕೆಟ್ಟು ಬಂದ ದಿನ ಅತ್ತೆ ಕೇಳಿದ್ದು ಒಂದೇ ಮಾತು, ಯಾವ ವಾರ. ಸಂಬಳ ಎಷ್ಟು, ಎಷ್ಟು ವರ್ಷ ಇರ್ತೀಯ, ಇಲ್ಲಿ ಅಡುಗೆ ಯಾರು ಮಾಡ್ತಾರೆ, ಏನೂ ಇಲ್ಲ, ಯಾವ ವಾರ. ಮಂಗಳವಾರ ಅತ್ತೆ, ಅಂದೆ. ಮಂಗಳವಾರ ಮನೆ ಹೆಣ್ಮಕ್ಳು ಹೊಸ್ಲು ದಾಟಂಗಿಲ್ಲ, ಅಂದವರೇ ಸೊಪ್ಪು ಸೋಸಲು ಕೂತರು. ಇವರು, ನನ್ನ ಗಂಡ ಗೋವಿಂದರಾಜು, ಗುಬ್ಬಿಯಲ್ಲಿ ತೆಂಗಿನಕಾಯಿ ವ್ಯಾಪಾರ, ಸಂತೆಯಲ್ಲಿ ಎಂಥವನ ಜೊತೆಗೂ ಚೌಕಾಸಿ ಮಾಡಿ ಗೆದ್ದು ಬರುವ ಮನುಷ್ಯ, ತಾಯಿಯ ಮುಂದೆ ಬಾಲ ಮುದುರಿಕೊಂಡು — ಅಮ್ಮ, ವಿಮಾನದೋರು ನಮ್ ಪಂಚಾಂಗ ನೋಡಲ್ಲ ಕಣಮ್ಮ. ನೋಡ್ದಿದ್ರೆ ಬುಡು, ನಾವ್ ನೋಡಣ, ಭಾನುವಾರ ಎದುರ್ಮನೇಲಿ ಪರಸ್ತಾನ ಇಡಣ, ಅಂದರು ಅತ್ತೆ. ಪ್ರಸ್ಥಾನ, ಹೌದಲ್ಲ, ತವರು ಕಡಬದಲ್ಲಿ ನಮ್ಮಪ್ಪ ಕಾಶಿಗೆ ಹೊರಟಾಗ ಹೀಗೇ ಮಾಡಿದ್ದರು, ವಾರ ಕೂಡದಿದ್ದರೆ ಕೂಡಿದ ದಿನವೇ ಪ್ರಯಾಣದ ಗಂಟನ್ನು ಒಯ್ದು ಇನ್ನೊಬ್ಬರ ಮನೆಯಲ್ಲಿ ಇಟ್ಟುಬಿಡುವುದು, ಅಲ್ಲಿಗೆ ಹೊರಟ ಹಾಗೇ ಲೆಕ್ಕ, ಆಮೇಲೆ ಯಾವ ದಿನ ಹೋದರೂ ದೋಷವಿಲ್ಲ, ಇಟ್ಟದ್ದನ್ನು ಮಾತ್ರ ಹಿಂದಕ್ಕೆ ಮನೆಗೆ ತರುವಂತಿಲ್ಲ — ಎಷ್ಟು ಜಾಣ ಶಾಸ್ತ್ರ ಅಂತ ನಕ್ಕಿದ್ದೆ, ದೇವರಿಗೇ ಆನ್‌ಲೈನ್ ಚೆಕ್-ಇನ್ ಮಾಡಿಸುವುದು. ಭಾನುವಾರ ಬೆಳಿಗ್ಗೆ ಇವರು ಪೆಟ್ಟಿಗೆ ಎತ್ತುವಾಗ ಅತ್ತೆ ಅಡ್ಡ ನಿಂತರು. ಏನೇನೈತೆ ಇದ್ರಲ್ಲಿ. ಸೀರೆ, ಚೂಡಿದಾರ, ಚಟ್ನಿಪುಡಿ, ಹುರಿಹಿಟ್ಟು ಅತ್ತೆ. ಅಂಗಾದ್ರೆ ಸೀರೆ ಹೊರಟಂಗಾಯ್ತು, ಚಟ್ನಿಪುಡಿ ಹೊರಟಂಗಾಯ್ತು, ನೀನೆಲ್ಲಿ ಹೊರಟೆ, ಆ ಫೋಟ ಇರೋ ಬುಕ್ಕಿಡು, ಅದ್ರಲ್ಲಿ ತಾನೆ ನೀನಿರದು. ಲೆಕ್ಕದ ಮಿಸ್ಸಿಗೂ ಮಾತು ಸರಿಯಾಗೇ ಇದೆ ಅನ್ನಿಸಿತು, ಪಾಸ್‌ಪೋರ್ಟು ಇಟ್ಟೆ. ಆಮೇಲೆ ಅತ್ತೆ ತಮ್ಮ ಹಳೆ ಹಸಿರು ಸೀರೆಯ ಸೆರಗು ಹರಿದು, ಅಕ್ಕಿ, ಅರಿಶಿನದ ಕೊಂಬು, ಇನ್ನೂ ಏನೇನೋ, ನಮಗೆ ಬೆನ್ನು ಮಾಡಿ ಗಂಟು ಕಟ್ಟಿ ಹಿಡಿಕೆಗೆ ಬಿಗಿದರು. ಇವತ್ತು ಬೆಳಿಗ್ಗೆ ಏಜೆಂಟು ಫೋನು ಮಾಡಿ ಪಾಸ್‌ಪೋರ್ಟ್ ಕೈಯಲ್ಲಿಟ್ಕೊಳಿ ಮೇಡಂ ಅಂದಾಗಲೇ ನಮ್ಮ ಮೂವರಿಗೂ ಒಟ್ಟಿಗೆ ಜ್ಞಾನೋದಯವಾದದ್ದು, ಹೊರಗೆ ಬಂದು ನೋಡಿದರೆ ಎದುರುಮನೆಗೆ ಬೀಗ. ಇವರು ಬೈಕು ಹತ್ತಿ ಕುಣಿಗಲ್ಲಿಗೆ ಹೋದರು, ಯಾವ ಛತ್ರ ಅಂತ ಗೊತ್ತಿಲ್ಲ, ಕೆರೆ ಕಡೆ ಅಂದಿದ್ರು, ಎಲ್ಲಾಕ್ಕೂ ನುಗ್ತೀನಿ ಬುಡು ಅಂದುಕೊಂಡೇ ಹೋದರು.

ಬಿಸಿಲು ಮೊಣಕಾಲಿಗೆ ಬಂತು. ಎದುರಿಗೆ ನಮ್ಮ ಮನೆ, ಇಲ್ಲಿ ಕೂತು ಎಂದೂ ನೋಡಿರಲಿಲ್ಲ, ಬಾಗಿಲ ಪಕ್ಕದ ಕಾಲಿಂಗ್ ಬೆಲ್ಲಿನ ಗುಂಡಿ ಇಲ್ಲಿಂದಲೂ ಕಾಣುತ್ತದೆ, ಮೇಲಿನ ಬಣ್ಣವೆಲ್ಲ ಹೋಗಿ ಬೆಳ್ಳಗಾಗಿದೆ, ಸವೆಸಿದ ಬೆರಳು ನನ್ನದೇ. ಮನೆ ಬೀಗಕ್ಕೆ ಇರುವುದು ಎರಡು ಕೈ, ಒಂದು ಇವರ ಬೈಕಿನ ಕೀ ಜೊತೆ, ಇನ್ನೊಂದು ಅತ್ತೆಯ ಸೊಂಟದಲ್ಲಿ, ಬೀರುವಿನ ಕೀ ಜೊತೆ ಒಂದೇ ಬಳೆಯಲ್ಲಿ, ಎರಡೂ ಬಡಿದುಕೊಂಡು ಅತ್ತೆ ಹೋದಲ್ಲೆಲ್ಲ ಜಿಣ್ ಜಿಣ್, ಮದುವೆಯಾಗಿ ಬಂದ ವಾರ ನಾನು, ಅತ್ತೆ, ಇನ್ನೊಂದು ಕೀ ಮಾಡಿಸ್ಲಾ ಅಂತ ಕೇಳಿದ್ದಕ್ಕೆ, ಯಾಕೆ, ನಾನಿಲ್ವಾ ಮನೇಲಿ ತೆಗ್ಯಕ್ಕೆ, ಅಂದವರು, ಅಲ್ಲಿಗೆ ಮುಗಿಯಿತು ಆ ಮಾತು. ಸ್ಕೂಲು ಬಿಟ್ಟು ಬ್ಯಾಗು ಹೊತ್ತು ಬಂದು ಬೆಲ್ ಒತ್ತುತ್ತೇನೆ, ಒಳಗಿನಿಂದ ಜಿಣ್ ಜಿಣ್ ಬರುತ್ತದೆ, ನಿಧಾನವಾಗಿ, ಕಿಟಕಿಯಲ್ಲಿ ನನ್ನನ್ನು ನೋಡಿಯೂ ಕೇಳುತ್ತಾರೆ, ಯಾರು. ನಾನು ಅತ್ತೆ, ಶಶಿ. ದಿನಾ. ಬಸುರಿಯಾಗಿದ್ದಾಗಲೂ, ಮಳೆಯಲ್ಲಿ ತೊಪ್ಪೆಯಾಗಿ ನಿಂತಾಗಲೂ, ಯಾರು — ನಾನು ಅತ್ತೆ, ಶಶಿ. ಮಸ್ಕತ್ತಿನಲ್ಲಿ ನನಗೆ ಒಂದು ರೂಮಂತೆ, ಪ್ರಿನ್ಸಿಪಾಲರು ವಿಡಿಯೊದಲ್ಲಿ ತೋರಿಸಿದರು, ಮಂಚ, ಮೇಜು, ಕಿಟಕಿಯಲ್ಲಿ ಬೋಳು ಗುಡ್ಡ, ನಮ್ಮ ದೇವರಾಯನದುರ್ಗದ ಮರವನ್ನೆಲ್ಲ ಯಾರೋ ಬೋಳಿಸಿದ ಹಾಗೆ, ಯು ವಿಲ್ ಗೆಟ್ ಯುವರ್ ಓನ್ ಕೀ ಮೇಡಂ ಅಂದರು, ಅವರಿಗೇನು ಗೊತ್ತು, ನಾನು ಕೆಲಸಕ್ಕೆ ಹೂಂ ಅಂದದ್ದು ಆ ಕ್ಷಣದಲ್ಲೇ ಅಂತ. ಡೆಮೊ ಪಾಠಕ್ಕೆ ಅನುಪಾತ ಕೊಟ್ಟಿದ್ದರು, ತೆಂಗಿನಕಾಯಿ ಇಟ್ಟುಕೊಂಡೇ ಹೇಳಿದೆ, ಪಕ್ಕದ ರೂಮಿನಿಂದ ಇವರು ರೇಟು ತಪ್ಪಾಯ್ತು ಅಂತ ಪಿಸುಗುಟ್ಟಿದ್ದು ಮೈಕಿನಲ್ಲಿ ಅಲ್ಲಿಯವರೆಗೂ ಹೋಗಿ ಎಲ್ಲರೂ ನಕ್ಕುಬಿಟ್ಟರು, ಕೆಲಸ ಸಿಕ್ಕಿತು. ಅಪ್ಪ ಕಡಬದಿಂದ ಫೋನು ಮಾಡಿ ಕೇಳಿದ್ದು, ಅಲ್ಲಿ ಕೆರೆ ಐತೇನಮ್ಮ. ಸಮುದ್ರ ಐತಪ್ಪ. ಉಪ್ಪುನೀರು ತಗಂಡು ಏನ್ಮಾಡ್ತಾರೆ, ಅಂದರು. ಮಗಳು ಇಂಪನಾಗೆ ಹನ್ನೊಂದು ವರ್ಷ, ಅವಳು ಎಲ್ಲರಿಗಿಂತ ಗಟ್ಟಿ, ಬೇಸಿಗೆ ರಜಕ್ಕೆ ನಾನೂ ಬರ್ತೀನಿ, ಒಂಟೆ ಇದ್ರೆ ನೋಡಿಟ್ಟಿರು ಅಂದಿದ್ದಾಳೆ, ಆದರೆ ನೆನ್ನೆ ಜಡೆ ಹಾಕುವಾಗ ಎರಡು ಸಲ ಬಿಚ್ಚಿಸಿ ಮತ್ತೆ ಹಾಕಿಸಿಕೊಂಡಳು, ಸರಿಯಾಗೇ ಇತ್ತು, ಎರಡು ಸಲವೂ ಹಾಕಿದೆ.

ಬಂತು ಅವಳ ದನಿ, ಕಾಂಪೌಂಡಿನಿಂದ, ಅಮ್ಮಾ, ಬೀಗ ಒಡ್ಸಣ, ಮೂಲೆ ಅಂಗಡಿ ಕದರಯ್ಯಂಗೆ ಹೇಳ್ಲಾ. ಹೇಳು ಅನ್ನಬೇಕು ಅಂತ ಬಾಯಿ ತೆರೆದೆ — ಪರಸ್ತಾನ ಇಟ್ಟ ಮನೆ ಬೀಗ ಒಡೀತಾರೇನೇ, ಅಂತ ಪಕ್ಕದಲ್ಲೇ ಅತ್ತೆಯ ದನಿ, ಬೆಚ್ಚಿಬಿದ್ದೆ, ಯಾವಾಗ ರಸ್ತೆ ದಾಟಿ ಬಂದರೋ ಗೊತ್ತೇ ಆಗಲಿಲ್ಲ, ಸದ್ದೇ ಇಲ್ಲ, ಕೈಯಲ್ಲಿ ಮಜ್ಜಿಗೆ ಲೋಟ. ಕುಡಿ, ಬಿಸಲು. ಕುಡಿಯುತ್ತೇನೆ, ಇಂಗು ಜಾಸ್ತಿ, ಅತ್ತೆ ಕಿಟಕಿಯಲ್ಲಿ ಇಣುಕಿ ಹಸಿರು ಗಂಟನ್ನೇ ನೋಡುತ್ತಾರೆ, ಅವರ ಮುಖದಲ್ಲಿ ಏನಿದೆ, ಗಾಬರಿ ಇಲ್ಲ, ಒಂದು ಚೂರೂ ಇಲ್ಲ, ಹೋದ್ರೆ ಹೋಗ್ಲಿ ಬುಡು, ಇವತ್ತಲ್ದಿದ್ರೆ ಇನ್ನೊಂದಿನ, ಅನ್ನುತ್ತಾರೆ, ಮತ್ತೆ ಕಾಲೆಳೆಯುತ್ತಾ ರಸ್ತೆ ದಾಟಿ ಹೋಗುತ್ತಾರೆ. ಆಗ ತಲೆಗೆ ಬರುತ್ತದೆ, ಬರಬಾರದಿತ್ತು, ಬಂದುಬಿಟ್ಟಿತು — ಬೇಕಂತಲೇ ಮಾಡಿದರೇ. ಆ ಬುಕ್ಕು ಇಡಿಸಿದ್ದು, ಈ ಮನೆಯನ್ನೇ ಆರಿಸಿದ್ದು, ನಾಮಕರಣದ ಸುದ್ದಿ ಅವರಿಗೆ ಮೊದಲೇ ಗೊತ್ತಿತ್ತಲ್ಲ, ಹೋಗಬೇಡ ಅಂತ ಬಾಯಲ್ಲಿ ಹೇಳದೆ ಹೋಗದ ಹಾಗೆ ಮಾಡಿಬಿಟ್ಟರೇ, ಎಪ್ಪತ್ತಾರರ ಮುದುಕಿ, ಸೊಪ್ಪು ಸೋಸುತ್ತಾ ಕೂತು ಇಷ್ಟೆಲ್ಲ ಯೋಚಿಸಿದರೇ. ಒಂದು ಸಲವೂ ಹೋಗ್ಬಾ ಅನ್ನಲಿಲ್ಲವಲ್ಲ, ಈ ಎರಡು ತಿಂಗಳಲ್ಲಿ ಊರೆಲ್ಲ ಅಂದಿತು, ತರಕಾರಿಯವಳು ಅಂದಳು, ಅತ್ತೆ ಅನ್ನಲಿಲ್ಲ. ಸಿಟ್ಟು ಬಂತು, ಈ ಬೀಗವನ್ನು ನಾನೇ ಕಲ್ಲು ತೆಗೆದುಕೊಂಡು ಒಡೆಯುತ್ತೇನೆ, ಆ ಕಲ್ಲು, ತುಳಸಿಕಟ್ಟೆಯ ಪಕ್ಕದ್ದು — ಮತ್ತೆ ಆ ಸಿಟ್ಟಿನ ನಡುವೆಯೇ ಖುಷಿಯಾಯಿತು, ವಿಚಿತ್ರ, ನಗು ಬಂತು ಒಬ್ಬಳಿಗೇ, ಯಾಕೆಂದರೆ ವಾರದಿಂದ ರಾತ್ರಿಯೆಲ್ಲ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ, ಶಶಿಕಲಾ, ನಿಜವಾಗಿ ಹೋಗಬೇಕಾ ನಿನಗೆ, ಇವರನ್ನೆಲ್ಲ ಬಿಟ್ಟು, ಈ ವಯಸ್ಸಿನಲ್ಲಿ. ಕಲ್ಲು ಹುಡುಕುವವಳಿಗೆ ಇನ್ನೇನು ಅನುಮಾನ. ನನಗೆ ಹೋಗಬೇಕು. ಬೇಕೇ ಬೇಕು. ಫೋನು ಹೊಡೆದುಕೊಂಡಿತು, ಈ ಸಲ ನನ್ನದೇ, ಇವರು, ಹಿಂದೆ ಓಲಗ — ಒಂದ್ನೇ ಛತ್ರದಲ್ಲಿ ಬೀಗ್ರೂಟ ಕಣೆ, ಊಟ ಮಾಡ್ದೆ ಬುಡ್ಲಿಲ್ಲ, ಎಲ್ಡ್ನೇದ್ರಲ್ಲಿ ಸಿಕ್ರು, ಇಲ್ಲೂ ಕೂತ್ಕಳಿ ಅಂತವ್ರೆ, ಬಂದೆ ಬಂದೆ.

ಬಂದರು, ಮೂರೂವರೆಗೆ, ಬೈಕಿನ ಹಿಂದೆ ರೇಷ್ಮೆ ಸೀರೆಯ ಮಂಜುಳಮ್ಮ, ತೊಡೆಯ ಮೇಲೆ ಹೋಳಿಗೆಯ ಡಬ್ಬಿ, ಅಯ್ಯೋ ಶಶಿ, ಮಗೂಗೆ ಹೆಸ್ರು ಕೂಗೋದು ಬುಟ್ಟು ಎದ್ಬಂದೆ ಕಣಮ್ಮ, ನಮ್ಮೆಜಮಾನ್ರು ಊಟಕ್ಕೆ ಕೂತವ್ರೆ, ಅವ್ರು ಏಳಲ್ಲ ಅಂತ ಅನ್ನುತ್ತಲೇ ಬೀಗ ತೆಗೆದರು, ನುಗ್ಗಿದೆ, ಜೇಬಿನ ಜಿಪ್ಪು, ಇದೆ, ನೀಲಿ ಬುಕ್ಕು, ಒಳಗೆ ನಾನು, ಕಳ್ಳಿಯ ಮುಖ ಮಾಡಿಕೊಂಡ ಫೋಟೊ, ಎದೆಗೆ ಒತ್ತಿಕೊಂಡೆ. ಹೊರಗೆ ಕಾರಿನ ಹಾರ್ನು. ಇಂಪನಾ ಪೆಟ್ಟಿಗೆಯ ಹಿಡಿಕೆ ಜಗ್ಗುತ್ತಾ, ಅಮ್ಮ, ಈ ಗಂಟು ಬಿಚ್ಚು, ಏರ್‌ಪೋರ್ಟಲ್ಲಿ ಬೆಲ್ಟಿಗೆ ಸಿಕ್ಕಾಕ್ಕೊಳುತ್ತೆ. ಬಿಚ್ಚಲು ಆಗುತ್ತಿಲ್ಲ, ಎಂಥಾ ಗಂಟು ಹಾಕಿದ್ದಾರೆ, ಹಲ್ಲಿನಲ್ಲಿ ಕಚ್ಚಿ ಎಳೆದೆ, ಅರಿಶಿನದ ಅಕ್ಕಿ ಅಂಗೈಗೆ ಸುರಿಯಿತು, ಅರಿಶಿನದ ಕೊಂಬು, ಒಂದು ಅಡಿಕೆ, ಆಮೇಲೆ ಭಾರವಾಗಿ, ತಣ್ಣಗೆ ಇನ್ನೊಂದು, ಏನಿದು — ತಲೆಯೆತ್ತಿದೆ, ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ, ಈಗಲೂ ಸದ್ದಿಲ್ಲದೆ ಬಂದಿದ್ದಾರೆ, ಸೊಂಟದ ಬಳೆಯಲ್ಲಿ ಬೀರುವಿನ ಕೀ ಒಂದೇ ನೇತಾಡುತ್ತಿದೆ, ಒಂಟಿ ಕೀಗೆ ಸದ್ದೆಲ್ಲಿಂದ ಬರಬೇಕು, ಭಾನುವಾರದಿಂದ ಮನೆಯಲ್ಲಿ ಜಿಣ್ ಜಿಣ್ ಇಲ್ಲ, ನಾನು ಕೇಳಿಸಿಕೊಂಡೇ ಇಲ್ಲ, ಹೊರಡುವವಳಿಗೆ ಅಷ್ಟು ಗಡಿಬಿಡಿ, ಅನುಮಾನಪಡಲು ಮಾತ್ರ ಪುರಸೊತ್ತು ಇತ್ತು. ಅತ್ತೆ, ಇದು, ಅಂದೆ. ಹೂಂ ಕಣೆ, ಅಂದರು, ನನ್ನ ಮುಖ ನೋಡದೆ, ಪೆಟ್ಟಿಗೆಯ ಚಕ್ರ ನೋಡುತ್ತಾ, ನೀ ಬರೋ ಹೊತ್ಗೆ ನನ್ ಮೊಣಕಾಲು ಹೆಂಗಿರ್ತವೋ ಏನೋ, ಎದ್ದು ಬಂದು ತೆಗ್ಯಕಾಗ್ಬೇಕಲ್ಲ, ಬೆಲ್ಲು ಗಿಲ್ಲು ಹೊಡ್ಕಂಡು ನಿಂತ್ಕಬ್ಯಾಡ, ನೀನೇ ತಕ್ಕಂಡು ಒಳಿಕ್ ಬಾ. ಆಮೇಲೆ, ಇವತ್ತು ಮಂಗಳವಾರ, ತಿರುಗಿ ಮನೆ ಕಡೆ ನೋಡ್ಬ್ಯಾಡ, ಹಂಗೇ ಕಾರ್ ಹತ್ತು, ಹೋಗ್ಬಾ. ಹೋಗ್ಬಾ ಅಂದರು, ಅಂದೇಬಿಟ್ಟರು, ಇವರು ಪೆಟ್ಟಿಗೆ ಡಿಕ್ಕಿಗೆ ಹಾಕಿದ್ದಾರೆ, ಮಂಜುಳಮ್ಮ ಹೋಳಿಗೆಯನ್ನು ಬ್ಯಾಗಿಗೆ ತುರುಕಿದ್ದಾರೆ, ಇಂಪನಾ ನನ್ನ ಸೊಂಟ ತಬ್ಬಿದವಳು ಬಿಡುತ್ತಿಲ್ಲ, ಒಂಟೆ ಮರೀಬೇಡ ಅನ್ನುತ್ತಿದ್ದಾಳೆ, ಹೊರಡು ಶಶಿ ಅನ್ನುತ್ತಿದ್ದಾರೆ ಎಲ್ಲರೂ, ಮಸ್ಕತ್ತು, ಪಾಸ್‌ಪೋರ್ಟು, ಬೋರ್ಡು ಹಿಡಿದು ನಿಂತವರು, ಎಲ್ಲ ಇದೆ ತಲೆಯಲ್ಲಿ, ಯಾವುದೂ ಮುಂದಕ್ಕೆ ಹೋಗುತ್ತಿಲ್ಲ, ಅಂಗೈಯಲ್ಲಿ ಬೀಗದ ಕೈ, ಅರಿಶಿನ ಮೆತ್ತಿದ್ದು, ಹಲ್ಲಿನ ಸಂದಿಯಲ್ಲಿ ಒಂದು ಅಕ್ಕಿಕಾಳು ಸಿಕ್ಕಿಕೊಂಡಿದ್ದು, ನಮ್ಮ ಮನೆ ಬೀಗದ ಕೈ, ಯಾರು, ನಾನು ಅತ್ತೆ, ಶಶಿ — ಬೀಗದ ಕೈ.